ಚಡಪಡಿಕೆ ಅಪರಾಧವೇ?

ಪ್ರಾಥಮಿಕ ತರಗತಿಯಲ್ಲಿ ಗದ್ದಲವೆದ್ದರೆ ಶಿಕ್ಷಕರ ಕಣ್ಣು ಮೊದಲು ಹೊರಳುವುದು ಹುಡುಗರ ಬೆಂಚಿನತ್ತ. ವಿಚಾರಣೆಗೆ ಮುನ್ನವೇ ತೀರ್ಪು ಸಿದ್ಧವಾಗಿರುತ್ತದೆ. ಶಿಸ್ತಿನ ಹೆಸರಿನ ಈ ಪೂರ್ವಗ್ರಹವನ್ನು ನಾವು ಒಪ್ಪಲಾರೆವು. ಕೇಂದ್ರ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯದ 2007ರ ಅಧ್ಯಯನದಲ್ಲಿ, ದೈಹಿಕ ಹಿಂಸೆಗೆ ಒಳಗಾದ ಮಕ್ಕಳಲ್ಲಿ ಹುಡುಗರೇ ಹೆಚ್ಚು.

2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಶಾಲೆಗೆ ಆಟದ ಮೈದಾನ ಇರಬೇಕೆಂಬುದೂ ಅದೇ ಕಾಯ್ದೆಯ ಅನುಸೂಚಿಯಲ್ಲಿದೆ. ಆದರೆ ನಾವು ನೆಲೆಸಿರುವ ಮಹಾನಗರಗಳಲ್ಲಿ ಎಷ್ಟೋ ಶಾಲೆಗಳಿಗೆ ಮೈದಾನವಿಲ್ಲ. ಇರುವ ಆಟದ ಪೀರಿಯಡ್ಡನ್ನೂ ಗಣಿತ ನುಂಗುತ್ತದೆ. ಏಳು ವರ್ಷದ ಮಗುವನ್ನು ಐದಾರು ಗಂಟೆ ಕೂರಿಸಿ, ಅದು ಚಡಪಡಿಸಿದರೆ ಡೈರಿಯಲ್ಲಿ ದೂರು ಬರೆಯುವುದು ಯಾವ ನ್ಯಾಯ?

ಪರರಿಗೆ ನೋವುಂಟುಮಾಡಿದ ಹುಡುಗನನ್ನು ತಿದ್ದಲೇಬೇಕು. ‘ಗಂಡುಮಕ್ಕಳೆಂದರೆ ಹಾಗೇ’ ಎಂಬ ರಿಯಾಯಿತಿಯೂ ಅನ್ಯಾಯವೇ. ಹುಡುಗಿಯ ಮೌನವನ್ನು ಸದ್ಗುಣವೆಂದು ಹೊಗಳಿ ಅವಳ ಪ್ರಶ್ನೆಗಳನ್ನು ಅಡಗಿಸುವುದು ಇದೇ ಪೂರ್ವಗ್ರಹದ ಇನ್ನೊಂದು ಮುಖ.

ದೂರು ಬಂದೊಡನೆ ಮಗನನ್ನು ಗದರುವ ಪೋಷಕರಾದ ನಾವು ಇನ್ನಾದರೂ ಮೊದಲು ಶಾಲೆಯನ್ನು ಕೇಳೋಣ: ಇಂದು ಅವನನ್ನು ಎಷ್ಟು ಹೊತ್ತು ಓಡಲು ಬಿಟ್ಟಿರಿ?