ಜಾಡಿ ಮೇಲೆ ವರ್ಷ ಬರೀರಿ

1/6
ಫ್ರಾನ್ಸಿನ ಐವತ್ತು ವರ್ಷ ಹಳೇ ವೈನ್ ಬಾಟಲಿ ರೀಲ್ ಬಂದ್ರೆ ಬೆಂಕಿ ಎಮೋಜಿ ಹಾಕ್ತೀರಿ. ಮನೆ ಅಟ್ಟದ ಮೇಲಿರೋ ಐದು ವರ್ಷದ ಮಿಡಿ ಉಪ್ಪಿನಕಾಯಿ ತೆಗೆದ್ರೆ ಮಾತ್ರ "ಅಯ್ಯೋ, ಹಳೇದಾ?" ಅಂತ ಮೂಗು ಮುರಿತೀರಿ. ಈ ಸರಣಿ ನಿಮಗೇ. ಸಾಗರ, ಹೊಸನಗರ, ತೀರ್ಥಹಳ್ಳಿಯವರಿಗೆ ಒಂದು ಚೂರು ಜಾಸ್ತಿ. ಉದ್ದ ಇದೆ, ಸೇವ್ ಮಾಡ್ಕೊಂಡು ಬಸ್ಸಲ್ಲಿ ಓದಿ.

2/6
ಮೊದ್ಲು ಆ ವೈನ್ ಎಂತದು ನೋಡನ. (ನಾನು ಕುಡಿದಿಲ್ಲ. ಅಮ್ಮ ಈ ಅಕೌಂಟ್ ಫಾಲೋ ಮಾಡ್ತಾರೆ.)

ಫ್ರಾನ್ಸಿನ ದಕ್ಷಿಣದಲ್ಲಿ, ಸ್ಪೇನ್ ಗಡಿ ಹತ್ರ ರೂಸಿಯೋಂ ಅಂತ ಸೀಮೆ ಇದೆ. ರಿವ್‌ಸಾಲ್ಟ್, ಮೋರಿ, ಬಾನ್ಯುಲ್ಸ್ ಅಲ್ಲಿನ ಊರುಗಳು. ದ್ರಾಕ್ಷಿ ರಸ ಹುದುಗು ಬರ್ತಾ ಇರೋವಾಗ ಅರ್ಧಕ್ಕೇ ದ್ರಾಕ್ಷಿಯಿಂದಲೇ ತೆಗೆದ ಸ್ಪಿರಿಟ್ ಸುರೀತಾರೆ. ಯೀಸ್ಟ್ ಅಲ್ಲಿಗೆ ನಿಲ್ಲುತ್ತೆ, ಸಕ್ಕರೆ ಹಾಗೇ ಉಳಿಯುತ್ತೆ, ವೈನ್ ಸಿಹಿಯಾಗೂ ಖಡಕ್ಕಾಗೂ ಆಗುತ್ತೆ. ಆಮೇಲೆ ಕಾಯೋದು. ಕೆಲವರು ಮರದ ಪೀಪಾಯಿಯಲ್ಲಿ ಇಡ್ತಾರೆ, ಕೆಲವರು ದೊಡ್ಡ ಗಾಜಿನ ಬುರುಡೆಗೆ ತುಂಬಿ ಬಿಸಿಲಲ್ಲೇ ಬಿಡ್ತಾರೆ. ಗಾಳಿ, ಸೆಕೆ, ಚಳಿ ಎಲ್ಲಾ ತಿಂದು ಕೆಂಪು ಬಣ್ಣ ಕಂದಾಗುತ್ತೆ, ಒಣ ಅಂಜೂರ, ಅಕ್ರೋಟು, ಕಾಫಿಯ ವಾಸನೆ ಬರುತ್ತೆ. ಅಜ್ಜ ತುಂಬಿದ್ದನ್ನ ಮೊಮ್ಮಗ ಮಾರೋ ಮನೆತನಗಳಿವೆ. ಲೇಬಲ್ ಮೇಲೆ ಊರಿನ ಹೆಸರು, ಮನೆತನದ ಹೆಸರು, ಎಷ್ಟೋ ಸಲ ದ್ರಾಕ್ಷಿ ಕೊಯ್ದ ವರ್ಷವೂ ಇರುತ್ತೆ. ಆ ಮೂರೂ ಊರಿನ ಹೆಸರಿಗೆ 1936ರಲ್ಲೇ ಕಾನೂನಿನ ರಕ್ಷಣೆ ಸಿಕ್ತು. ರಿವ್‌ಸಾಲ್ಟ್‌ನಲ್ಲಿ "ಓರ್ ದಾಜ್" ಅಂತ ಬರೀಬೇಕಂದ್ರೆ ಕನಿಷ್ಠ 5 ವರ್ಷ ಇಟ್ಟಿರಲೇಬೇಕು. ಸುಮ್ನೆ ಬರ್ಕೊಳ್ಳೋ ಹಾಗಿಲ್ಲ.

3/6
ಈಗ ನಮ್ಮ ಅಟ್ಟಕ್ಕೆ ಬನ್ನಿ.

ಅಪ್ಪೆಮಿಡಿ ತೊಟ್ಟು ಸಮೇತ ಕೊಯ್ದು, ಕೆಳಗೆ ಬಿದ್ದು ಪೆಟ್ಟಾಗದ ಹಾಗೆ ತಂದು, ಕಲ್ಲುಪ್ಪಲ್ಲಿ ಹಾಕ್ತಾರೆ. ಮಿಡಿ ನೀರು ಬಿಟ್ಟು ಚಿರುಟುತ್ತೆ. ಸೊನೆಯ ಪರಿಮಳ ಆ ಉಪ್ಪುನೀರಿಗೂ ಇಳಿಯುತ್ತೆ. ಅಲ್ಲಿ ಸ್ಪಿರಿಟ್ ಮಾಡೋ ಕೆಲಸ ಇಲ್ಲಿ ಉಪ್ಪು ಮಾಡುತ್ತೆ: ಹಾಳು ಮಾಡೋ ಜೀವಿಗಳನ್ನ ತಡೆಯುತ್ತೆ. ಆಮೇಲೆ ಸಾಸಿವೆ, ಮೆಣಸು, ಕುದಿಸಿ ಆರಿಸಿದ ಉಪ್ಪುನೀರು. ಒದ್ದೆ ಕೈ ತಾಗಿಸಿದ್ರೆ ಅಜ್ಜಿ ಬಿಡಲ್ಲ.

ಒಂದು ವ್ಯತ್ಯಾಸ ಇದೆ, ನನ್ನ ಇಡೀ ವಾದ ನಿಂತಿರೋದು ಅದರ ಮೇಲೇ. ವೈನಿಗೆ ವರ್ಷ ಹೊಸ ರುಚಿ ಕೊಡುತ್ತೆ. ಮಿಡಿಗೆ ವರ್ಷ ಪರೀಕ್ಷೆ. ಯಾವುದೋ ಕಾಡುಮಾವಿನ ಮಿಡಿ ಹಾಕಿ ನೋಡಿ, ಬೇಗ ಮೆತ್ತಗಾಗಿ ಲೊಳಲೊಳ ಅನ್ನುತ್ತೆ. ಒಳ್ಳೇ ಅಪ್ಪೆ ವರ್ಷಗಳಾದ್ರೂ ಕಚ್ಚಿದ್ರೆ ಕಟುಕ್ ಅನ್ಬೇಕು, ಪರಿಮಳ ಮೂಗಿಗೆ ಹೊಡೀಬೇಕು. ಅಂದ್ರೆ ಹಳೇ ಜಾಡಿ ಅನ್ನೋದು ಆ ಮರದ ಮಾರ್ಕ್ಸ್ ಕಾರ್ಡ್ ಮಾರಾಯ್ರೆ! ನೀವು ಅದನ್ನೇ "ಎಕ್ಸ್‌ಪೈರಿ" ಅಂತೀರಿ.

4/6
ಅಡಿಕೆ ವಿಷಯದಲ್ಲಿ ನಾವೆಲ್ಲ ಎಷ್ಟು ಶಾಣ್ಯಾ. ರಾಶಿ, ಬೆಟ್ಟೆ, ಸರಕು, ಗೊರಬಲು, ಚಾಲಿ, ಒಂದೊಂದಕ್ಕೂ ಒಂದೊಂದು ರೇಟು. ಇವತ್ತಿನ ಧಾರಣೆ ಅಪ್ಪನ ಸ್ಟೇಟಸ್ಸಲ್ಲಿ ಬೆಳಗ್ಗೆನೇ ಇರುತ್ತೆ. ರೇಟ್ ಬರ್ಲಿ ಅಂತ ಮೂಟೆ ಇಟ್ಟು ಕಾಯೋದೂ ಗೊತ್ತು. ಮಿಡಿಗೆ ಬಂದಾಗ ಈ ಬುದ್ಧಿ ಎಲ್ಲಿ ಹೋಗುತ್ತೆ? ನೂರಕ್ಕೆ ಇಷ್ಟು, ಸಾವಿರಕ್ಕೆ ಇಷ್ಟು ಅಂತ ಎಣಿಸಿ ಕೊಟ್ರೆ ಮುಗೀತು. ಅನಂತಭಟ್ಟನ ಅಪ್ಪೆ, ಮಾಳಂಜಿ ಅಪ್ಪೆ, ಹಳದೋಟದ ಅಪ್ಪೆ, ದೊಂಬೆಸರ ಜೀರಿಗೆ ಅಂತ ಹಿಂದಿನವರು ಒಂದೊಂದು ಮರಕ್ಕೂ ಹೆಸರಿಟ್ಟು ಕರೆದ್ರು. ಅಂಗಡಿಯ ಬಾಟಲಿಗೆ ಬರೋ ಹೊತ್ತಿಗೆ ಎಲ್ಲಾ ಸೇರಿ "ಮಲೆನಾಡ ಮಿಡಿ ಉಪ್ಪಿನಕಾಯಿ". ನಾನು ಕೈಗೆತ್ತಿ ನೋಡಿದ ಬಾಟಲಿಗಳಲ್ಲಿ ಪ್ಯಾಕ್ ಆದ ದಿನ ಇತ್ತು, ಮಿಡಿ ಉಪ್ಪಿಗೆ ಬಿದ್ದ ವರ್ಷ ಒಂದರಲ್ಲೂ ಇರ್ಲಿಲ್ಲ.

ಇದ್ರಿಂದ ಸಾಯೋದು ಮರ. ಎಲ್ಲಾ ಮಿಡಿಗೂ ಎಣಿಕೆ ರೇಟೇ ಆದ್ರೆ ಒಳ್ಳೇ ಮರ ಉಳಿಸೋಕೆ ಯಾರಿಗೆ ಕಾರಣ ಇದೆ? ಗುತ್ತಿಗೆ ಹಿಡಿದವರು ಗೆಲ್ಲನ್ನೇ ಕಡಿದು ಮಿಡಿ ಬಿಡಿಸ್ತಾರೆ. ಒಂದೂ ಬಿಡದೆ ಕೊಯ್ದ್ರೆ ಹಣ್ಣಾಗೋಕೆ, ಗೊರಟು ಬಿದ್ದು ಸಸಿ ಏಳೋಕೆ ಎಂತ ಉಳೀತು? ಇವು ಹೆಚ್ಚಾಗಿ ಹೊಳೆದಂಡೆ ಮರಗಳು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ದಂಡೆ ಎಷ್ಟು ಮುಳುಗ್ತು ಅಂತ ನಮ್ಮ ಕಡೆ ಯಾರಿಗೂ ಹೇಳಬೇಕಿಲ್ಲ. ಉಳಿದದ್ದನ್ನ ನಾವೇ ಕತ್ತಿ ಹಿಡಿದು ಮುಗಿಸ್ತಿದೀವಿ.

"ಜಿಐ ಟ್ಯಾಗ್ ಇದೆಯಲ್ಲ" ಅಂತೀರಿ. ಇದೆ. ಅದು ಸೀಮೆ ಹೇಳುತ್ತೆ. ಯಾವ ಮರ, ಯಾವ ವರ್ಷ ಅಂತ ಹೇಳೋರು ನಾವೇ ಆಗ್ಬೇಕು.

5/6
ಬಿಕಾಂ ಫ್ರೆಂಡ್ಸ್, ಇದು ನಿಮಗೆ. ಅಕೌಂಟಿಂಗ್ ಸ್ಟ್ಯಾಂಡರ್ಡ್ 2 ತೆಗೀರಿ. ಗೋಡೌನ್ ಖರ್ಚನ್ನ ಸ್ಟಾಕಿನ ಬೆಲೆಗೆ ಸೇರಿಸ್ಬಾರ್ದು ಅಂತಿದೆ, ಆದ್ರೆ ಮುಂದಿನ ಹಂತಕ್ಕೆ ಹೋಗೋ ಮುಂಚೆ ಇಡೋದು ತಯಾರಿಕೆಯ ಭಾಗವೇ ಆಗಿದ್ರೆ ಸೇರಿಸ್ಬಹುದು. ಉಪ್ಪಲ್ಲಿ ಕೂತ ಮಿಡಿ ಅದೇ ಅಲ್ವಾ? ಇನ್ನು ಸ್ಟ್ಯಾಂಡರ್ಡ್ 16: ಮಾರೋಕೆ ತಯಾರಾಗಲು ತುಂಬಾ ಕಾಲ ಬೇಕಾದ ಸ್ಟಾಕ್ ಆದ್ರೆ ಅದಕ್ಕೆ ಮಾಡಿದ ಸಾಲದ ಬಡ್ಡಿಯನ್ನೂ ವೆಚ್ಚಕ್ಕೆ ಸೇರಿಸ್ಬಹುದು. ಕಾಯೋದಕ್ಕೆ ಖರ್ಚಿದೆ ಅಂತ ನಮ್ಮ ಸಿಲಬಸ್ಸೇ ಒಪ್ಪುತ್ತೆ. ನಮ್ಮ ಮನೆಗಳು ಒಪ್ಪಲ್ಲ. ಯಾಕಂದ್ರೆ ಅಡಿಕೆ ಲೆಕ್ಕ ಅಪ್ಪನ ಡೈರಿಯಲ್ಲಿರುತ್ತೆ, ಜಾಡಿ ಕೆಲಸ ಅಮ್ಮ, ಅಜ್ಜಿ, ಚಿಕ್ಕಮ್ಮಂದು. ಮಿಡಿ ಆರಿಸಿದ್ದು, ತೊಳೆದದ್ದು, ಒರೆಸಿದ್ದು, ತಿಂಗಳುಗಟ್ಟಲೆ ಕಣ್ಣಿಟ್ಟು ಕಾದದ್ದು ಯಾವ ಡೈರಿಗೂ ಹತ್ತಲ್ಲ. ಕೊನೆಗೆ ನೆಂಟರಿಗೆ ಬಾಟಲಿ ತುಂಬಿ ಕೊಟ್ಟು "ಮನೇದೇ, ದುಡ್ಡೆಂತಕ್ಕೆ" ಅಂತಾರೆ. ಪ್ರೀತಿಯಿಂದ ಕೊಡ್ಲಿ, ಬೇಡ ಅನ್ನಲ್ಲ. ಮಾರೋ ಬಾಟಲಿಗೂ ಅದೇ ಲೆಕ್ಕ ಯಾಕೆ?

ಬಿಪಿ ಬರುತ್ತೆ ಅನ್ನೋರಿಗೆ: ನೆಕ್ಕಿಕೊಳ್ಳೋದು ಅರ್ಧ ಮಿಡಿ, ಜಾಡಿ ಅಲ್ಲ.

6/6
ಮಿಡಿ ಕೊಯ್ಲು ಬಂದಾಗ ಮಾಡಬೇಕಾದ್ದು ಇಷ್ಟೇ. ಜಾಡಿಗೊಂದು ಚೀಟಿ ಅಂಟಿಸಿ. ಮರದ ಹೆಸರು, ಊರು, ಉಪ್ಪಿಗೆ ಹಾಕಿದ ವರ್ಷ, ಹಾಕಿದವರ ಹೆಸರು. ಮಾರೋ ಮನೆಗಳು ಅದನ್ನೇ ಲೇಬಲ್ ಮೇಲೆ ಹಾಕ್ಲಿ, ಮೂರು ವರ್ಷದ್ದಕ್ಕೆ ಒಂದು ವರ್ಷದ್ದಕ್ಕಿಂತ ಜಾಸ್ತಿ ರೇಟ್ ಧೈರ್ಯವಾಗಿ ಕೇಳ್ಲಿ. ಮೆತ್ತಗಾಗೋ ಮಿಡಿಗೆ ಅಪ್ಪೆ ಅಂತ ಹೆಸರಿಟ್ಟವರು ಮೂರನೇ ವರ್ಷಕ್ಕೆ ಸಿಕ್ಕಿಬೀಳ್ತಾರೆ. ಮರಕ್ಕೆ ಹೆಸರಿಲ್ಲ ಅಂದ್ರೆ ಮನೆಯ ಹಿರಿಯರನ್ನ ಕೇಳಿ, ಇದ್ದೇ ಇರುತ್ತೆ. ಒಳ್ಳೇ ಮರ ಗೊತ್ತಿದ್ರೆ ಕಸಿ ಕಟ್ಟೋರಿಗೆ ಕಡ್ಡಿ ಕೊಡಿ, ಒಂದು ಗಿಡ ತಂದು ತೋಟದ ಅಂಚಿಗೆ ನೆಡಿ.

ಚೀಟಿ ಅಂಟಿಸಿದ ಜಾಡಿ ಫೋಟೋ ಹಾಕಿ, ನನ್ನ ಟ್ಯಾಗ್ ಮಾಡಿ, ಎಲ್ಲಾ ಸ್ಟೋರಿಗೆ ಹಾಕ್ತೀನಿ. ಮರದ ಲೊಕೇಶನ್ ಮಾತ್ರ ಹಾಕ್ಬೇಡಿ ಮಾರಾಯ್ರೆ, ಬೆಳಗಾಗೋದ್ರೊಳಗೆ ಮಿಡಿ ಖಾಲಿ ಆಗಿರುತ್ತೆ.

#ಅಪ್ಪೆಮಿಡಿ #ಜಾಡಿಮೇಲೆವರ್ಷಬರೀರಿ #ಸಾಗರ #ಹೊಸನಗರ #ತೀರ್ಥಹಳ್ಳಿ