ಧರ್ಮದ ದಟ್ಟಿಗೆ ಮೊಳ ಹಾಕಲೇಬೇಕು

ಮುಕ್ತ ತಂತ್ರಾಂಶದ ಸಂಘಗಳಲ್ಲಿ ನಡೆಯುತ್ತಿರುವ ಜಗಳಗಳ ಮಾತು ನಾವು ಎತ್ತಿದಾಗಲೆಲ್ಲ ಪೇಟೆಯ ಕೆಲವು ಮಿತ್ರರು ನಗುತ್ತಾರೆ. "ಅಲ್ಲಾ ಸ್ವಾಮಿ, ಯಾರೋ ಪುಣ್ಯಾತ್ಮರು ಬರೆದು ಪುಕ್ಕಟೆ ಕೊಟ್ಟಿದ್ದಾರೆ, ನಾವು ಅಂಗಡಿ ಲೆಕ್ಕ ಬರೆದುಕೊಳ್ಳುತ್ತಿದ್ದೇವೆ. ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದರಂತೆ, ಹಾಗಾಯಿತು ನಿಮ್ಮ ಕಥೆ" ಎನ್ನುತ್ತಾರೆ. ಹೌದು, ನಾವು ಮೊಳ ಹಾಕುತ್ತೇವೆ, ಅದೂ ನಡುಬೀದಿಯಲ್ಲಿ ನಿಂತು. ಆ ದಟ್ಟಿಯನ್ನು ನೇಯ್ದವರು ಒಬ್ಬರು, ದಾನಿಯೆಂದು ಹೆಸರು ಹೊಡೆದುಕೊಳ್ಳುವವರು ಇನ್ನೊಬ್ಬರು. ಮನಸ್ಸು ಬಂದ ದಿನ ಅದನ್ನು ಮೈಮೇಲಿಂದ ಎಳೆದುಕೊಳ್ಳುವವರೂ ಆ ಇನ್ನೊಬ್ಬರೇ.

ಗಣಕಯಂತ್ರವನ್ನು ನಡೆಸುವ ಆಜ್ಞೆಗಳ ಬರಹಕ್ಕೆ ತಂತ್ರಾಂಶವೆಂದು ಹೆಸರು. ಅನೇಕ ಕಂಪೆನಿಗಳು ಈ ಮೂಲ ಬರಹವನ್ನು ಬೀಗ ಹಾಕಿಟ್ಟುಕೊಂಡು ಬಳಸುವುದಕ್ಕೆ ಮಾತ್ರ ಬಾಡಿಗೆ ಎತ್ತುತ್ತವೆ. ಮುಕ್ತ ತಂತ್ರಾಂಶಕ್ಕೆ ಬೀಗವಿಲ್ಲ. ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು. ದೇಶದೇಶಗಳ ಜನ, ಕೆಲವರು ಸಂಬಳಕ್ಕೆ, ಹಲವರು ಬಿಟ್ಟಿಯಾಗಿ, ಬರೆದು ಕೂಡಿಸಿದ್ದು ಅದು. ನಿಮ್ಮ ಜೇಬಿನ ಆಂಡ್ರಾಯ್ಡ್ ಫೋನಿನ ತಳದಲ್ಲಿರುವ ಲಿನಕ್ಸ್ ಅಂಥದೇ. ದುಡಿಯುವ ಜನ ಹೆಮ್ಮೆಪಡಬೇಕಾದ ಸಾಧನೆಯಿದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಬರಹ ತೆರೆದಿದೆಯೆಂದ ಮಾತ್ರಕ್ಕೆ ಬರೆದವರ ಸಂಘವೂ ತೆರೆದಿದೆ ಎಂದು ನಾವು ಒಪ್ಪಲಾರೆವು. ಹೆಸರು ಯಾರ ಸ್ವತ್ತು? ಯಾರ ಬರಹ ಸೇರಬೇಕು, ಯಾರದು ಬೇಡ ಎಂದು ತೀರ್ಮಾನಿಸುವ ಬೀಗದಕೈ ಯಾರ ಸೊಂಟದಲ್ಲಿದೆ? ಸಭೆಯ ನಡಾವಳಿ ಪುಸ್ತಕ ಎಲ್ಲಿದೆ? ಇಷ್ಟನ್ನು ಕೇಳದೆ "ಮುಕ್ತ" ಎಂಬ ಮಾತನ್ನು ನಂಬುವುದು, ಬೋರ್ಡು ನೋಡಿ ಸಹಕಾರ ಸಂಘಕ್ಕೆ ಷೇರು ಹಣ ಕಟ್ಟಿದ ಹಾಗೆ.

ಪತ್ರ ಬರೆಯುವುದಕ್ಕೂ ಲೆಕ್ಕದ ಕೋಷ್ಟಕ ಹಾಕುವುದಕ್ಕೂ ಬಳಸುವ ಓಪನ್ ಆಫೀಸಿನ ಚರಿತ್ರೆಯನ್ನು ನೋಡಿರಿ. ಅಮೆರಿಕದ ಸನ್ ಮೈಕ್ರೋಸಿಸ್ಟಮ್ಸ್ ಕಂಪೆನಿ 1999ರಲ್ಲಿ ಜರ್ಮನಿಯ ಸ್ಟಾರ್‌ಡಿವಿಷನ್ ಕಂಪೆನಿಯನ್ನು ಕೊಂಡು, ಮರುವರ್ಷ ಅದರ ಬರಹವನ್ನು ಲೋಕಕ್ಕೆ ತೆರೆಯಿತು. ಮುಂದೆ ಇದಕ್ಕೊಂದು ಸ್ವತಂತ್ರ ಪ್ರತಿಷ್ಠಾನ ಆಗುವುದೆಂದು ಆಗಲೇ ಮಾತು ಕೊಟ್ಟಿತ್ತು. ಜನ ನಂಬಿ ದುಡಿದರು. ಆದರೆ ಬರಹ ಕೊಡುವ ಪ್ರತಿಯೊಬ್ಬನೂ ಒಂದು ಕಾಗದಕ್ಕೆ ಸಹಿ ಹಾಕಬೇಕಾಗಿತ್ತು: ನನ್ನ ಬರಹದ ಹಕ್ಕಿನಲ್ಲಿ ಕಂಪೆನಿಗೂ ಪಾಲುಂಟು ಎಂದು. ಕಂಪೆನಿಯ ಹಕ್ಕಿನಲ್ಲಿ ದುಡಿದವನಿಗೆ ಪಾಲುಂಟು ಎಂಬ ಕಾಗದ ಮಾತ್ರ ಯಾರಿಗೂ ಸಿಕ್ಕಲಿಲ್ಲ. ಹತ್ತು ವರ್ಷ ಕಳೆಯಿತು, ಪ್ರತಿಷ್ಠಾನ ಬರಲಿಲ್ಲ. 2010ರ ಜನವರಿಯಲ್ಲಿ ಸನ್ ಕಂಪೆನಿಯನ್ನೇ ಒರೇಕಲ್ ನುಂಗಿತು. ಗಿರಣಿ ಮಾರಾಟವಾದಾಗ ಮಗ್ಗದ ಜೊತೆ ಮಗ್ಗದವನ ಲೆಕ್ಕವೂ ಹೊಸ ಧಣಿಯ ಕೈಗೆ ಹೋಗುವುದನ್ನು ನಮ್ಮ ಓದುಗರು ಬಲ್ಲರು. ಇಲ್ಲಿಯೂ ಹಾಗೆಯೇ ಆಯಿತು.

ಆ ವರ್ಷ ಸೆಪ್ಟೆಂಬರ್ 28ರಂದು ಸ್ವಯಂಸೇವಕರು ತಾವೇ ಡಾಕ್ಯುಮೆಂಟ್ ಫೌಂಡೇಷನ್ ಎಂಬ ಸಂಸ್ಥೆಯನ್ನು ಸಾರಿದರು. ಓಪನ್ ಆಫೀಸ್ ಎಂಬ ಹೆಸರನ್ನು ಬಿಟ್ಟುಕೊಡಿರೆಂದು ಒರೇಕಲನ್ನು ಕೇಳಿದರು. ಧಣಿ ಕೊಡಲಿಲ್ಲ. ಅಕ್ಟೋಬರಿನಲ್ಲಿ ಹಳೆಯ ಸಮುದಾಯ ಮಂಡಳಿಯ ಸಭೆ ಕೂಡಿದಾಗ, ಹೊಸ ಸಂಸ್ಥೆಯಲ್ಲಿರುವವರು ಮಂಡಳಿಗೆ ರಾಜೀನಾಮೆ ಕೊಡಬೇಕೆಂದು ಒರೇಕಲಿನ ಕಡೆಯವರು ಕೇಳಿದರು. ಕಾರಣ? ಹಿತಾಸಕ್ತಿಯ ಘರ್ಷಣೆಯಂತೆ! ಕಂಪೆನಿಯ ಸಂಬಳ ಪಡೆದು ಸಮುದಾಯದ ಮಂಡಳಿಯಲ್ಲಿ ಕುಳಿತವರಿಗೆ ಘರ್ಷಣೆಯಿಲ್ಲ. ಬಿಟ್ಟಿ ದುಡಿದು ಸ್ವಂತ ಸಂಘ ಕಟ್ಟಿಕೊಂಡವರಿಗೆ ಘರ್ಷಣೆ! ಆ ಸಭೆ ನಡೆದದ್ದೇ ಬರವಣಿಗೆಯ ಮೂಲಕವಾದ್ದರಿಂದ ಯಾರು ಏನೆಂದರೆಂಬುದು ಅಕ್ಷರದಲ್ಲಿ ಉಳಿದಿದೆ. ಬಾಯಿಮಾತಿನ ಸಭೆಯಾಗಿದ್ದರೆ ಇಷ್ಟು ಹೊತ್ತಿಗೆ ಅದು ಪ್ರೀತಿಯ ಬೀಳ್ಕೊಡುಗೆಯಾಗಿ ಮಾರ್ಪಟ್ಟಿರುತ್ತಿತ್ತು.

ಹೊರಬಂದವರು ಲಿಬ್ರೆ ಆಫೀಸ್ ಎಂಬ ಹೊಸ ಹೆಸರಿನಲ್ಲಿ ಬೇರೆ ಒಲೆ ಹೂಡಿದರು. ಬರಹ ಮುಕ್ತವಾಗಿದ್ದರಿಂದ ಅದನ್ನು ಕೊಂಡೊಯ್ಯುವುದಕ್ಕೆ ತಡೆಯಿರಲಿಲ್ಲ. ಆ ಮಟ್ಟಿಗೆ ಮುಕ್ತ ಪರವಾನಗಿಯ ಬೆಲೆ ಏನೆಂಬುದು ಗೊತ್ತಾಯಿತು. ಪ್ರತಿಷ್ಠಾನದ ಮೂಲಧನಕ್ಕಾಗಿ 50,000 ಯೂರೋ ಬೇಕಾಗಿತ್ತು. 2011ರ ಫೆಬ್ರುವರಿಯಲ್ಲಿ ಜನಸಾಮಾನ್ಯರ ಚಂದಾದಿಂದ ಎಂಟೇ ದಿನದಲ್ಲಿ ಅದು ಕೂಡಿಬಂತು. ಆದರೆ ಹತ್ತು ವರ್ಷದ ದುಡಿಮೆಯಿಂದ ಪ್ರಸಿದ್ಧಿಗೆ ಬಂದ ಹೆಸರು ಹೋಯಿತು. ಅಂಗಡಿಯ ಬೋರ್ಡಿಗೆ ಏನು ಬೆಲೆ ಎಂಬುದನ್ನು ವ್ಯಾಪಾರಸ್ಥರಿಗೆ ನಾವು ಹೇಳಬೇಕಾಗಿಲ್ಲ. 2011ರ ಜೂನಿನಲ್ಲಿ ಒರೇಕಲ್ ಆ ಹೆಸರನ್ನೂ ಬರಹವನ್ನೂ ಕೊಟ್ಟದ್ದು ಅಪಾಚೆ ಎಂಬ ಬೇರೊಂದು ಸಂಸ್ಥೆಗೆ.

ಇದು ಹಳೆಯ ಕಥೆಯೆನ್ನುವವರಿಗೆ ಹೊಸದೊಂದು ಉಂಟು. ದೊಡ್ಡ ಗಣಕ ಕೇಂದ್ರಗಳನ್ನು ಬರಹದ ಆಜ್ಞೆಯಿಂದಲೇ ಅಣಿಗೊಳಿಸುವ ಟೆರಾಫಾರ್ಮ್ ಎಂಬ ಸಾಧನವಿದೆ. ಹೊರಗಿನವರೂ ತಮ್ಮ ಬರಹ ಸೇರಿಸಿದ್ದ ಈ ಸಾಧನವನ್ನು ಅದರ ಒಡೆಯ ಹಾಶಿಕಾರ್ಪ್ ಕಂಪೆನಿ 2023ರ ಆಗಸ್ಟ್ 10ರಂದು ಮುಕ್ತ ಪರವಾನಗಿಯಿಂದ ಕಿತ್ತು, ತನಗೆ ಪೈಪೋಟಿ ಕೊಡುವವರು ಬಳಸಕೂಡದೆಂಬ ಷರತ್ತಿನೊಳಗೆ ಕಟ್ಟಿತು. ಬರಹ ಕೊಟ್ಟವರ ಸರ್ವಸದಸ್ಯರ ಸಭೆ ಕರೆಯಲಿಲ್ಲ. ಕರೆಯುವುದಕ್ಕೆ ಅಂಥ ಸಭೆಯೇ ಇರಲಿಲ್ಲ. ಇಲ್ಲಿಯೂ ಸಹಿ ಹಾಕಿಸಿಕೊಂಡ ಕಾಗದ ಮೊದಲೇ ಪೆಟ್ಟಿಗೆಯಲ್ಲಿತ್ತು. ಮರುವರ್ಷ ಏಪ್ರಿಲಿನಲ್ಲಿ ಐಬಿಎಂ ಆ ಕಂಪೆನಿಯನ್ನು 640 ಕೋಟಿ ಡಾಲರಿಗೆ ಕೊಳ್ಳುವುದಾಗಿ ಸಾರಿತು. 2025ರ ಫೆಬ್ರುವರಿಯಲ್ಲಿ ವ್ಯವಹಾರ ಮುಗಿಯಿತು.

ಬೇರೆ ಕಂಪೆನಿಗಳು ಪುಕ್ಕಟೆ ಎತ್ತಿಕೊಂಡು ಲಾಭ ಮಾಡುತ್ತಿದ್ದವು, ಏನೂ ಹಿಂದಿರುಗಿಸುತ್ತಿರಲಿಲ್ಲ ಎಂಬುದು ಇಂಥ ಕಂಪೆನಿಗಳ ದೂರು. ದೂರು ಪೂರ್ತಿ ಸುಳ್ಳಲ್ಲ. ಆದರೆ ಕೆರೆಯ ನೀರು ಕದಿಯುವವನಿದ್ದಾನೆಂದು ಪಟೇಲ ಕೆರೆಗೇ ತಂತಿಬೇಲಿ ಹಾಕಿಕೊಂಡರೆ ಊರು ಒಪ್ಪುತ್ತದೆಯೆ?

ಟೆರಾಫಾರ್ಮಿನಿಂದ ಸಿಡಿದವರು ಓಪನ್‌ಟೋಫು ಎಂದು ಬೇರೆಯಾಗಿ ಲಿನಕ್ಸ್ ಫೌಂಡೇಷನ್ನಿನ ನೆರಳಿಗೆ ಹೋದರು. ಪಾಪ, ಬೇರೆ ನೆರಳೆಲ್ಲಿದೆ! ಆದರೆ ಆ ನೆರಳಿನ ಮರ ಯಾರದು? ಅಲ್ಲಿ ಮೊದಲ ದರ್ಜೆಯ ಸದಸ್ಯತ್ವಕ್ಕೆ ಕಂಪೆನಿಗಳು ವರ್ಷಕ್ಕೆ 5 ಲಕ್ಷ ಡಾಲರ್ ಕಟ್ಟಿ ಆಡಳಿತ ಮಂಡಳಿಯಲ್ಲಿ ಕುರ್ಚಿ ಪಡೆಯುತ್ತವೆ. ಹಿಂದೆ ಬಿಡಿ ಸದಸ್ಯರು ಓಟು ಹಾಕಿ ತಮ್ಮ ಇಬ್ಬರನ್ನು ಮಂಡಳಿಗೆ ಕಳಿಸುತ್ತಿದ್ದರು. 2016ರಲ್ಲಿ ಬೈಲಾ ತಿದ್ದಿ ಆ ಹಕ್ಕನ್ನೂ ತೆಗೆದುಹಾಕಿದರು. ಕೋಣವೆರಡು ಕಾದಿದರೆ ಗಿಡಕ್ಕೆ ಸಾವು ಎಂಬ ಗಾದೆ ನಮ್ಮಲ್ಲಿದೆ. ಒಂದು ಹಣದ ಥೈಲಿಯಿಂದ ತಪ್ಪಿಸಿಕೊಂಡು ಇನ್ನೊಂದು ಥೈಲಿಯ ಬುಡದಲ್ಲಿ ಕುಳಿತುಕೊಳ್ಳುವುದನ್ನು ನಾವು ಬಿಡುಗಡೆಯೆನ್ನುವುದಿಲ್ಲ.

ಇಷ್ಟಾದರೂ ಮುಕ್ತ ತಂತ್ರಾಂಶದವರಲ್ಲೇ ಕೆಲವು ಭೋಳೆ ಜನ ಇದ್ದಾರೆ. "ನಮ್ಮಲ್ಲಿ ಎಲ್ಲರೂ ಅಣ್ಣತಮ್ಮಂದಿರು, ನಿಯಮ, ರಿಜಿಸ್ಟರು, ನಡಾವಳಿ ಯಾಕೆ? ಅದೆಲ್ಲ ಸರ್ಕಾರಿ ಕಛೇರಿಯ ರೋಗ" ಎನ್ನುತ್ತಾರೆ. ಅಣ್ಣತಮ್ಮಂದಿರ ಪಾಲಿನ ಮೊಕದ್ದಮೆಗಳು ನಮ್ಮ ಜಿಲ್ಲಾ ಕೋರ್ಟಿನಲ್ಲಿ ಎಷ್ಟಿವೆಯೆಂದು ಅವರು ಒಮ್ಮೆ ಬಂದು ನೋಡಲಿ. ಪುಸ್ತಕವಿಲ್ಲದ ಸಂಘದಲ್ಲಿ ಧಣಿ ಇರುವುದಿಲ್ಲವೆಂದಲ್ಲ, ಧಣಿ ಯಾರೆಂದು ಕಾಣುವುದಿಲ್ಲ ಅಷ್ಟೆ. ಹಳಬರಿಗೆ ಎಲ್ಲವೂ ಗೊತ್ತು, ಹೊಸಬನಿಗೆ ಯಾರನ್ನು ಕೇಳಬೇಕೆಂಬುದೂ ಗೊತ್ತಿಲ್ಲ. ಅವನ ಕೆಲಸವನ್ನು ಯಾಕೆ ತಳ್ಳಿಹಾಕಿದರೆಂದು ಬರೆದಿಡದಿದ್ದರೆ ಅವನು ಮೇಲ್ಮನವಿ ಹಾಕುವುದಾದರೂ ಯಾವುದರ ಮೇಲೆ? ಕೂಲಿ ಕಡಿತಕ್ಕೆ ಲಿಖಿತ ಕಾರಣ ಕೊಡಿರೆಂದು ಕೇಳುವ ಕಾರ್ಮಿಕನಿಗೆ ಈ ಮಾತು ಬಿಡಿಸಿ ಹೇಳಬೇಕಾಗಿಲ್ಲ.

ಬರೆದಿಟ್ಟರೆ ಏನಾಗುವುದೆಂಬುದಕ್ಕೆ ಪೈಥಾನ್ ಸಾಕ್ಷಿ. ಈ ಗಣಕ ಭಾಷೆಯನ್ನು ಮಾಡಿದ ಗಿಡೊ ವಾನ್ ರೋಸಮ್ ಅವರಿಗೆ 'ಆಜೀವ ದಯಾಳು ಸರ್ವಾಧಿಕಾರಿ' ಎಂಬ ಬಿರುದು. ತಮಾಷೆಗೆ ಇಟ್ಟದ್ದೇ ಆದರೂ ಕೊನೆಯ ಮಾತು ನಿಜವಾಗಿ ಅವರದೇ ಆಗಿತ್ತು. ಅಲ್ಲಿ ಪ್ರತಿ ಮುಖ್ಯ ಬದಲಾವಣೆಗೂ ಸಂಖ್ಯೆ ಹಾಕಿದ ಸೂಚನಾಪತ್ರ ಬರೆಯಬೇಕು. ತಿರಸ್ಕಾರವಾದರೆ ಅದೂ ಕಾರಣದೊಡನೆ ದಾಖಲೆಯಲ್ಲಿ ಉಳಿಯಬೇಕು. 572ನೆಯ ಸೂಚನೆಯ ಮೇಲೆ ಕಡು ಜಗಳವಾಗಿ 2018ರ ಜುಲೈಯಲ್ಲಿ ಅವರು ಅಧಿಕಾರ ಬಿಟ್ಟರು. ಸಂಘ ಮುರಿಯಲಿಲ್ಲ. ಮುಂದಿನ ಆಡಳಿತ ಹೇಗಿರಬೇಕೆಂದು ಹಲವು ಯೋಜನೆಗಳನ್ನು ಅದೇ ಕ್ರಮದಲ್ಲಿ ಬರೆದು, ಆ ಡಿಸೆಂಬರಿನಲ್ಲಿ ಓಟಿಗೆ ಹಾಕಿ, ಐದು ಜನರ ಚುನಾಯಿತ ಮಂಡಳಿಯನ್ನು ಆರಿಸಿಕೊಂಡರು. ಒಬ್ಬನೇ ಧಣಿಯ ನೌಕರರು ಅದರಲ್ಲಿ ಇಬ್ಬರಿಗಿಂತ ಹೆಚ್ಚು ಇರಕೂಡದು. ಇಂಥ ಒಂದು ಸಾಲನ್ನು ಬೈಲಾದಲ್ಲಿ ಬರೆಯಲು ಎಷ್ಟು ಶಾಯಿ ಬೇಕು?

ಡೆಬಿಯನ್ ಎಂಬ ಸಂಘವಂತೂ 1998ರಿಂದಲೇ ಲಿಖಿತ ಸಂವಿಧಾನ ಇಟ್ಟುಕೊಂಡಿದೆ. ಅದರಂತೆ ಅಧ್ಯಕ್ಷನ ಚುನಾವಣೆ ವರ್ಷಕ್ಕೊಮ್ಮೆ. 2010ರಲ್ಲಿ ಅವರು ಇನ್ನೊಂದು ನಿರ್ಣಯ ಮಾಡಿದರು. ಯಂತ್ರದ ಬರಹ ಮಾಡುವವರಷ್ಟೇ ಅಲ್ಲದೆ ಕೈಪಿಡಿ ಬರೆಯುವವರು, ಅನುವಾದ ಮಾಡುವವರು ಮುಂತಾದವರಿಗೂ ಪೂರ್ಣ ಸದಸ್ಯತ್ವ ಕೊಡುವುದೆಂದು. ನಮ್ಮ ಮಟ್ಟಿಗೆ ಇದು ದೊಡ್ಡ ಮಾತು. ಕೈಪಿಡಿಯಿಲ್ಲದ ತಂತ್ರಾಂಶ ಬರೆದವನಿಗೆ ಮಾತ್ರ ಉಪಯೋಗ. ಆದರೂ ಹಲವೆಡೆ ಕೈಪಿಡಿಯವನೆಂದರೆ ಗಿರಣಿಯ ಕಸ ಗುಡಿಸುವವನ ಹಾಗೆ, ಹಾಜರಿ ಪುಸ್ತಕದಲ್ಲಿ ಹೆಸರೇ ಇಲ್ಲ.

ಆಡಳಿತದಲ್ಲಿ ಮುಕ್ತ ತಂತ್ರಾಂಶಕ್ಕೆ ಆದ್ಯತೆ ಕೊಡುವ ನೀತಿಯನ್ನು ಭಾರತ ಸರ್ಕಾರ 2015ರಲ್ಲಿ ಹೊರಡಿಸಿತು. ನಾವು ಅದನ್ನು ಬೆಂಬಲಿಸುತ್ತೇವೆ. ಜೊತೆಗೆ ಕೇಳುತ್ತೇವೆ: ತಂತ್ರಾಂಶ ಆರಿಸುವಾಗ ಪರವಾನಗಿಯ ಕಾಗದ ನೋಡುವ ಅಧಿಕಾರಿಗಳು ಹೆಸರಿನ ಟ್ರೇಡ್ ಮಾರ್ಕು ಯಾರಲ್ಲಿದೆ, ಮಂಡಳಿಯನ್ನು ಯಾರು ಆರಿಸುತ್ತಾರೆ ಎಂಬ ಕಾಗದವನ್ನೂ ತರಿಸಿ ನೋಡಲಿ. ಜನರ ತೆರಿಗೆಯ ಕೆಲಸ ಒಂದು ಕಂಪೆನಿಯ ಮನಸ್ಸಿನ ಮೇಲೆ ನಿಲ್ಲಬಾರದು.

ನಮ್ಮ ಪಾಲಿನ ಕೆಲಸವೂ ಇದೆ. ಲಿಬ್ರೆ ಆಫೀಸ್ ಕನ್ನಡದಲ್ಲಿ ದೊರೆಯುತ್ತದೆ. ಆ ಸಂಸ್ಥೆಯ ನಿಯಮದಂತೆ ಮೂರು ತಿಂಗಳು ದುಡಿದು, ಮುಂದೆಯೂ ದುಡಿಯುವೆನೆನ್ನುವವರು ಸದಸ್ಯತ್ವಕ್ಕೆ ಅರ್ಜಿ ಹಾಕಬಹುದು. ಅನುವಾದವೂ ಕೈಪಿಡಿಯೂ ದುಡಿಮೆಯೆಂದೇ ಲೆಕ್ಕ. ಸದಸ್ಯರು ಓಟು ಹಾಕಿ ಮಂಡಳಿಯನ್ನು ಆರಿಸುತ್ತಾರೆ. ಅಲ್ಲಿಯೂ ಜಗಳವಿಲ್ಲವೆಂದು ನಾವು ಹೇಳುವುದಿಲ್ಲ, ಜಗಳವಾಡಲು ಒಂದು ಓಟು ಸಿಗುತ್ತದೆ. ನಮ್ಮ ಗಿರಣಿ ಗುಮಾಸ್ತರಲ್ಲಿ, ಪೇಟೆಯ ಲೆಕ್ಕದ ಹುಡುಗರಲ್ಲಿ ಕನ್ನಡ ಬಲ್ಲವರಿಗೆ ಕೊರತೆಯಿಲ್ಲ. ಸಂಜೆ ಒಂದು ಗಂಟೆ ಕುಳಿತು ಕನ್ನಡದ ಕೈಪಿಡಿ ಬರೆಯಲಿ, ಮೂರು ತಿಂಗಳಾದ ಮೇಲೆ ಅರ್ಜಿ ಹಾಕಲಿ. ಸಹಿ ಮಾಡುವ ಮುಂಚೆ ಕಾಗದವನ್ನು ಪೂರ್ತಿ ಓದಲಿ.