ಕಲ್ಲಿದ್ದಲಿಗೂ ಮಡಿ ಉಡಿಸಿದ್ರಾ?



"ಕ್ಲೀನ್ ಕೋಲ್" ಅನ್ನುವ ಮಾತು ಮತ್ತೆ ಚಾಲ್ತಿಗೆ ಬಂದಿದೆ. ಹೊಸ ತಂತ್ರಜ್ಞಾನ ಉಂಟಂತೆ, ಇನ್ನು ಕಲ್ಲಿದ್ದಲಿನಿಂದ ತೊಂದರೆ ಇಲ್ವಂತೆ. ಕಲ್ಲಿದ್ದಲನ್ನು ಅನಿಲ ಮಾಡುವ ಯೋಜನೆಗಳಿಗೆ ಕೇಂದ್ರ ಸರ್ಕಾರ 2024ರ ಜನವರಿಯಲ್ಲಿ 8,500 ಕೋಟಿ ರೂ. ಮಂಜೂರು ಮಾಡಿದ್ದೂ ಇದೇ ಹೆಸರಲ್ಲಿ.

ಕ್ಲೀನ್ ಅಂದ್ರೆ ಶುದ್ಧ. ಈ ಪದ ಕೇಳಿದ ಕೂಡಲೇ ನಮ್ಮವರ ಕಿವಿ ನೆಟ್ಟಗಾಗ್ಬೇಕು. ಒಂದು ಜಾಗ ಶುದ್ಧ ಆಯ್ತು ಅಂದ್ರೆ ಅಲ್ಲಿನ ಹೊಲಸನ್ನು ಯಾರೋ ಹೊತ್ತು ಬೇರೆ ಕಡೆ ಹಾಕಿದ್ರು ಅಂತಲೇ ಅರ್ಥ. ಇದನ್ನು ನಮಗೆ ಯಾವ ವಿಜ್ಞಾನಿಯೂ ಕಲಿಸ್ಬೇಕಾಗಿಲ್ಲ. ಚಿಮಣಿಯಲ್ಲಿ ಗಂಧಕ ಹಿಡಿಯುವ ಎಫ್‌ಜಿಡಿ ಯಂತ್ರ ಹಾಕಿದ್ರೆ ಗಂಧಕ ಜಿಪ್ಸಮ್ ಆಗಿ ಕೆಳಗೆ ರಾಶಿ ಬೀಳ್ತದೆ. ಬೂದಿ ಬೂದಿಕೊಳಕ್ಕೆ. ಕಾರ್ಬನ್ ಡೈಆಕ್ಸೈಡ್ ಎಂದಿನಂತೆ ಆಕಾಶಕ್ಕೆ. ಆ ಎಫ್‌ಜಿಡಿಯನ್ನಾದ್ರೂ ಹಾಕಿದ್ರಾ? 2015ರ ಡಿಸೆಂಬರಲ್ಲಿ ನಿಯಮ ಮಾಡಿ, ಗಡುವು ಮುಂದೂಡಿ ಮುಂದೂಡಿ, ಕೊನೆಗೆ 2025ರ ಜುಲೈಯಲ್ಲಿ ದೇಶದ ಮುಕ್ಕಾಲು ಪಾಲಿಗಿಂತ ಹೆಚ್ಚು ಸ್ಥಾವರಗಳಿಗೆ ವಿನಾಯಿತಿ ಕೊಟ್ಟರು. ಮಡಿಯ ಹೆಸರಿದ್ರೆ ಸಾಕು ಮಾರಾಯ್ರೆ, ಸ್ನಾನ ಬೇಡ!

ದೂರ ಎಂತಕ್ಕೆ, ಪಡುಬಿದ್ರಿ ಪಕ್ಕದ ಎಲ್ಲೂರಿನ 1,200 ಮೆಗಾವಾಟಿನ ಸ್ಥಾವರ ನೋಡಿ. ಅಲ್ಲಿ ಉರಿಯುವುದು ವಿದೇಶದ ಕಲ್ಲಿದ್ದಲು, ಬೂದಿ ಕಡಿಮೆ. ಆದ್ರೂ 2022ರ ಮೇಯಲ್ಲಿ ಹಸಿರು ನ್ಯಾಯಮಂಡಳಿ ಪರಿಸರ ಹಾನಿಗೆ 52 ಕೋಟಿ ರೂ. ಕಟ್ಟಿ ಅಂತ ಆದೇಶ ಮಾಡಿತು.

ಮೂಡಬಿದಿರೆ ಬದಿಯ ನಿಡ್ಡೋಡಿಗೆ 4,000 ಮೆಗಾವಾಟಿನ ಸ್ಥಾವರ ತರ್ತೇವೆ ಅಂದಾಗ ಜನ ಎದ್ದರು, ಅದು ಬರಲಿಲ್ಲ. ದೊಡ್ಡ ಗೆಲುವು, ಇಲ್ಲ ಅನ್ನುವುದಿಲ್ಲ. ಆದ್ರೆ ನಮ್ಮ ಪರಿಸರ ಹೋರಾಟದ ಗೆಳೆಯರಿಗೆ ಒಂದು ಪ್ರಶ್ನೆ ಉಂಟು, ಬೇಸರ ಮಾಡ್ಕೊಳ್ಬೇಡಿ. "ಭೂಮಿ ಉಳಿಸಿ" ಅಂತೀರಲ್ಲ, ಭೂಮಿಯೇ ಇಲ್ಲದವ ಏನನ್ನು ಉಳಿಸ್ಬೇಕು?

ಉಡುಪಿ–ಕಾಸರಗೋಡು 400 ಕೆ.ವಿ. ಲೈನಿನ ವಿರುದ್ಧ ವಿಟ್ಲದ ಕೃಷಿಕರು ಬೀದಿಗಿಳಿದದ್ದು ಗೊತ್ತಲ್ಲ, ನ್ಯಾಯವೇ. 2024ರ ಜೂನಿನ ಮಾರ್ಗಸೂಚಿ ಪ್ರಕಾರ ಟವರ್ ಅಡಿಯ ಜಾಗಕ್ಕೆ ಮೌಲ್ಯದ 200 ಶೇಕಡಾ, ಹಳ್ಳಿಯಲ್ಲಿ ತಂತಿಯ ಕೆಳಗಿನ ಜಾಗಕ್ಕೆ 30 ಶೇಕಡಾ. ಲೆಕ್ಕ ಪೂರ್ತಿ ಜಾಗದ್ದು. ಅಡಿಕೆ ಮರ ಕಡಿದ್ರೆ ತೋಟದ ಧನಿಗಳಿಗೆ ಮರದ ದುಡ್ಡು ಬರ್ತದೆ. ಅದೇ ಮರಕ್ಕೆ ಮೂವತ್ತು ವರ್ಷ ಹತ್ತಿದ ನಮ್ಮಣ್ಣನ ಕೂಲಿ ಯಾವ ಕಾಲಮ್ಮಿನಲ್ಲಿ ಉಂಟು?

ಇನ್ನು ಡಿ.ಸಿ. ಮನ್ನಾ ಜಮೀನು. ಬ್ರಿಟಿಷರ ಕಾಲದಲ್ಲಿ ನಮಗೇ ಅಂತ ಮೀಸಲಿಟ್ಟದ್ದು. ಬಂಟ್ವಾಳ, ಬೆಳ್ತಂಗಡಿಯಲ್ಲಿ ಅದಕ್ಕಾಗಿ ಇವತ್ತಿಗೂ ಧರಣಿ ಕೂರ್ತಿದ್ದೇವೆ. ದಿನವಿಡೀ ಕಡತ ತಿರುಗಿಸುವ ಗುಮಾಸ್ತ ನಾನು. ಆರ್‌ಟಿಸಿಯಲ್ಲಿ ಹೆಸರಿಲ್ಲದವ ಪರಿಹಾರದ ಪಟ್ಟಿಯಲ್ಲೂ ಇರುವುದಿಲ್ಲ, ಬರೆದಿಟ್ಕೊಳ್ಳಿ. ನಾಳೆ ಕಲ್ಲಿದ್ದಲು ಹೋಗಿ ಸೋಲಾರ್ ಬಂದ್ರೂ ತಂತಿ ಎಳೆಯುವುದು ಇದೇ ಗುಡ್ಡದ ಮೇಲೆ.

ಹಾಗಾಗಿ ಮುಂದಿನ ಸಭೆಯ ಮನವಿಪತ್ರಕ್ಕೆ ಎರಡು ಸಾಲು ಸೇರಿಸ್ಬೇಕು. ಡಿ.ಸಿ. ಮನ್ನಾ ಜಾಗದ ಹಕ್ಕುಪತ್ರ ಕೊಡದೆ ಅಲ್ಲಿ ಟವರಿಗೆ ಗುಂಡಿ ತೆಗೆಯಬಾರದು. ತೋಟದ ಕೂಲಿಯವರ ನಷ್ಟಕ್ಕೂ ಪರಿಹಾರ ಬೇಕು. ಇದನ್ನು ಹಾಕ್ಲಿಕ್ಕೆ ಒಪ್ಪದ ಸಮಿತಿಯ ಜೊತೆ ನಾನಂತೂ ಸಹಿ ಹಾಕುವುದಿಲ್ಲ.